ಮುಂದಿನ ಸೀಟಿನ ಕೆಲಸ

ಗ್ರೆನೋಬ್ಲ್, ಮೇ ೧೯೨೨

ಅಪ್ಪ,

ನಿನ್ನ ಕಾರ್ಖಾನೆ ನಡೆದದ್ದು ಎರಡೇ ವರ್ಷ. ನೀನು ತೀರಿಕೊಂಡು ಏಳು ವರ್ಷವಾದರೂ ನಿನ್ನ ಒಂದು ಪುಟ್ಟ ಕಾರು ಇನ್ನೂ ಓಡುತ್ತಿದೆ. ಇಂದು ಬೆಳಿಗ್ಗೆ ಸೂಲಗಿತ್ತಿ ಓಡಿಲ್ ಅದನ್ನು ನನ್ನೆದುರು ನಿಲ್ಲಿಸಿದಳು.

"ಸಾಹಿತ್ಯದ ಪಂಡಿತೆ, ಪುಸ್ತಕ ಮುಚ್ಚಿ ಮುಂದೆ ಹತ್ತಮ್ಮಾ. ಗುಡ್ಡದ ಮೇಲಿನ ಬೇಕರಿಯವಳಿಗೆ ನೋವು ಶುರುವಾಗಿದೆ. ಪಟ್ಟಿ ದಾಟಿಸೋಕೆ ನನ್ನ ಮುದುಕ ಬೇಕಿತ್ತು, ಅವನು ವೈನಂಗಡೀಲಿ ಬಿದ್ದಿದಾನೆ."

ನಿನ್ನ ಕಾರಿನಲ್ಲಿ ಓಡಿಸುವವರು ಹಿಂದೆ, ಜೊತೆಯವರು ಮುಂದೆ. ಏರು ಬಂದಾಗ ಮುಂದೆ ಕೂತವರೇ ಕೋಲಿನಿಂದ ಎಂಜಿನ್ನಿನ ಪಟ್ಟಿಯನ್ನು ಸಣ್ಣ ರಾಟೆಗೆ ದಾಟಿಸಬೇಕು. ಅಷ್ಟು ಹಗುರದ ಗಾಡಿಗೆ ಎಷ್ಟು ಸರಳವಾದ ಉಪಾಯ.

ಚರ್ಚಿನ ತಿರುವಿನಲ್ಲಿ ಎಂಜಿನ್ ಏದುಸಿರು ಬಿಟ್ಟಿತು. ಕೋಲು ಒತ್ತಿದೆ, ಪಟ್ಟಿ ಕೂತಿತು, ಕಾರು ನಮ್ಮಿಬ್ಬರನ್ನೂ ಹೊತ್ತು ಮೇಲೇರಿತು.

"ಯಾರೇ ಕಲಿಸಿದ್ದು ನಿಂಗೆ?"

"ಅಪ್ಪ."

ಹೆಣ್ಣು ಮಗು ಹುಟ್ಟಿತು. ತಾಯಿ ಕ್ಷೇಮ.

ಹತ್ತು ವರ್ಷದ ಹಿಂದೆ ಇದೇ ಗುಡ್ಡದಲ್ಲಿ, ಕೊಳ್ಳಲು ಬಂದವರ ಕಣ್ಣೆದುರು, ನೀನು ಮುಂದಿನ ಸೀಟಿನಲ್ಲಿ ಮರಳಿನ ಮೂಟೆ ಇಟ್ಟುಕೊಂಡು ಹೊರಟೆ. ಕಾರು ಅರ್ಧದಲ್ಲೇ ನಿಂತಿತು. ಆ ತಿಂಗಳೇ ಕಾರ್ಖಾನೆಗೆ ಬೀಗ ಬಿತ್ತು. ಅಷ್ಟು ಜನರ ಮುಂದೆ ಕೂರಲು ನಾಚಿ, ನಾಳೆ ಶಾಲೆಯಲ್ಲಿ ಪರೀಕ್ಷೆಯಿದೆ, ಬರಲಾರೆ ಎಂದು ನಾನು ಹಿಂದಿನ ದಿನವೇ ಹೇಳಿದ್ದೆ.

ಆ 'ನಾಳೆ' ಭಾನುವಾರ, ಶಾಲೆಗೆ ರಜೆ. ನೀನು ಏನೂ ಕೇಳಲಿಲ್ಲ.