ಕೋಡಂಗಿಯ ಕುಲಾವಿ

ಹಿರೇಮುಕ್ಕಲ, ಎರೆಸೀಮೆ
ನಾಲ್ಕನೆಯ ಎಣಿಕೆಯ ಎಂಬತ್ತೆಂಟನೆಯ ವರ್ಷ, ಬಿಸಿಗಾಳಿ ಮಾಸದ ನಲವತ್ತೊಂದನೆಯ ದಿನ

ಹಸಿರು ದಾರದಲ್ಲಿ ಹೊಲಿಯುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಹೆಣ್ಣೋ ಗಂಡೋ, ಅದೂ ಗೊತ್ತಿಲ್ಲ. ಹಿರೇಮುಕ್ಕಲದ ಹಳೆಯ ಕಚೇರಿಯ ಹಿಂದಿರುವ ಎರಡು ಕೋಣೆಯ ವಸ್ತುಸಂಗ್ರಹಾಲಯದಲ್ಲಿ ಹರಿದದ್ದನ್ನು ಹೊಲಿಯುವ ಕೆಲಸ ನಿಮ್ಮದು, ನಿಮ್ಮ ಡಬ್ಬಿಯಲ್ಲಿ ಹಸಿರು ದಾರದ ಉಂಡೆ ಇದೆ, ನೀವು ಎಡಗೈಯವರು. ಇಷ್ಟು ಮಾತ್ರ ಖಾತ್ರಿ. ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳುತ್ತೀರಿ. ಅನುಮಾನ ಪಡಿ, ತಪ್ಪಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಕಾಗದವನ್ನು ಸೀದಾ ಒಲೆಗೆ ಹಾಕುತ್ತಿದ್ದೆ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬರುತ್ತವೆ, ಅದಕ್ಕೆ ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಕೇಳುವ ಕೆಲಸ ಚಿಕ್ಕದು. ಆದರೆ ನೀವು ಅದನ್ನು ಮಾಡದೆ ಹೋದರೆ ಇಲ್ಲಿ ಒಂದು ಮೊಟ್ಟೆ ಮರಿಯಾಗುವುದಿಲ್ಲ.

ಇದು ಹಿನ್ನೋಲೆ, ಅಂದರೆ ಹಿಂದಕ್ಕೆ ಹೋಗುವ ಓಲೆ. ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ತಿಳಿದವರು ಒಮ್ಮೆ ಕೂರಿಸಿಕೊಂಡು ವಿವರಿಸಿದರು, ನನಗೆ ಒಂದಕ್ಷರವೂ ನಂಬಿಕೆ ಬರಲಿಲ್ಲ. ಒಂದು ಊರಿಗೆ ಒಂದು ತಲೆಮಾರಿನಲ್ಲಿ ಒಂದೇ ಹಿನ್ನೋಲೆ. ಅದರಲ್ಲಿ ದೊಡ್ಡದೇನನ್ನೂ ಕೇಳುವ ಹಾಗಿಲ್ಲ. ಯುದ್ಧ ನಿಲ್ಲಿಸಿ, ಕೆರೆ ಮುಚ್ಚಬೇಡಿ ಎಂದು ಬರೆದ ಓಲೆಗಳು ಮೇಜು ಬಿಟ್ಟು ಅಲುಗಾಡಲೇ ಇಲ್ಲ. ಒಬ್ಬ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಕೂತು ಮುಗಿಸುವ ಕೆಲಸವಾದರೆ ಮಾತ್ರ ಹೋಗುತ್ತದಂತೆ.

ನಾನು ಹುಲಿಗೆವ್ವ ಕೀಲಿಕೈ. ನೀವು ಕೂತು ಹೊಲಿಯುವ ಕೋಣೆಗಳಿಗೆ ಈಗ ಕಾವಲಿರುವವಳು. ಮನೆತನದ ಹೆಸರು ನೋಡಿ ನಗಬೇಡಿ, ಅದು ನಾನು ಇಟ್ಟುಕೊಂಡದ್ದಲ್ಲ. ಹುಲಿಗೆವ್ವನಿಗೆ ತನ್ನ ನೆರಳಿನ ಮೇಲೂ ಅನುಮಾನ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡದವಳ ಕೈಗೆ ಯಾರಾದರೂ ಕೀಲಿ ಕೊಡುತ್ತಾರೆಯೇ?

ನಮ್ಮ ಬದುಕು ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೊತ್ತೇರಿದ ಮೇಲೆ ನಾವು ಹೊರಗೆ ಇರುವುದಿಲ್ಲ. ನಿಮ್ಮ ಹಿರಿಯರು ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರಲ್ಲ, ನಾವು ಅದನ್ನೇ ದೊಡ್ಡದು ಮಾಡಿ ಮನುಷ್ಯರನ್ನು ತುಂಬಿಕೊಂಡಿದ್ದೇವೆ. ಅದಕ್ಕೆ ಹಗೇವುಮನೆ ಎನ್ನುತ್ತೇವೆ. ಮಧ್ಯಾಹ್ನವೆಲ್ಲ ಅದರೊಳಗೆ ನಿದ್ದೆ, ಹರಟೆ, ಕೌದಿ ಹೊಲಿಗೆ. ಬಿಸಿಲು ಇಳಿದ ಮೇಲೆ ಹೊಲ. ರೊಟ್ಟಿ ಬಡಿಯುವುದು ಮಾತ್ರ ನಿಮ್ಮ ಹಾಗೆಯೇ, ಅದರಲ್ಲಿ ಏನೂ ಬದಲಾಗಿಲ್ಲ. ಆಕಾಶ ಬರಿದು. ನಮ್ಮ ಮಕ್ಕಳಿಗೆ ಹಕ್ಕಿ ಎಂದರೆ ಕೋಳಿ, ಅಷ್ಟೇ. ಉಳಿದ ಹಕ್ಕಿಗಳು ಯಾಕೆ ಹೋದವು ಎನ್ನುವುದು ನನಗಿಂತ ಚೆನ್ನಾಗಿ ನಿಮಗೇ ಗೊತ್ತಿದೆ, ನನ್ನ ಬಾಯಿ ಬಿಡಿಸಬೇಡಿ.

ಅವು ಹೋದ ಮೇಲೆ, ನಮ್ಮ ಮುತ್ತಜ್ಜಿಯರ ಕಾಲದಲ್ಲಿ, ಹಾರುಗಣ್ಣುಗಳು ಬಂದವು. ಹಕ್ಕಿಯ ಆಕಾರದ ಯಂತ್ರಗಳು. ಹೊಟ್ಟೆಯಲ್ಲಿ ಏನಿತ್ತೋ, ಮುಖದಲ್ಲಿ ಮಾತ್ರ ಎರಡು ಗಾಜಿನ ಕಣ್ಣು. ಕಟ್ಟೆಯ ಮೇಲಿನ ಮಾತು, ಅಡುಗೆಮನೆಯ ಜಗಳ, ಯಾರ ಮನೆಗೆ ಯಾರು ಬಂದರು ಹೋದರು ಎಲ್ಲವನ್ನೂ ನೋಡಿ ಎಲ್ಲಿಗೋ ಮುಟ್ಟಿಸುತ್ತಿದ್ದವು. ಜನ ತಾಳುವಷ್ಟು ತಾಳಿ ಕೊನೆಗೊಂದು ದಿನ ಎದ್ದರು. ಅದನ್ನು ನಾವು ಕಣ್ಣುಸುಡು ಎನ್ನುತ್ತೇವೆ. ಗಾಜಿನ ಕಣ್ಣಿದ್ದ ಹಕ್ಕಿಯಾಕಾರದ ವಸ್ತು ಎಲ್ಲಿ ಕಂಡರೂ ಬೆಂಕಿಗೆ ಹಾಕಿದರು. ನಿಮ್ಮ ಕಾಲದವರು ಹೊಟ್ಟೆಗೆ ಹತ್ತಿ ತುಂಬಿ, ಗಾಜಿನ ಕಣ್ಣಿಟ್ಟು, ಸಂಗ್ರಹಾಲಯಗಳಲ್ಲಿ ನಿಲ್ಲಿಸಿದ್ದ ನಿಜವಾದ ಹಕ್ಕಿಗಳೂ ಅದೇ ಬೆಂಕಿಯಲ್ಲಿ ಹೋದವು. ಅಯ್ಯೋ, ಸಿಟ್ಟು ನೆತ್ತಿಗೇರಿದವರಿಗೆ ಯಾವುದು ಯಂತ್ರ ಯಾವುದು ಹಕ್ಕಿ ಎಂದು ನೋಡುವ ತಾಳ್ಮೆ ಎಲ್ಲಿಂದ ಬರಬೇಕು?

ಹಿರೇಮುಕ್ಕಲದ ಒಂದು ಹಕ್ಕಿ ಮಾತ್ರ ಉಳಿಯಿತು. ಅದು ಎರೆಭೂತ. ನಿಮಗೆ ಗೊತ್ತೇ ಇದೆ: ಎರೆಹೊಲದಲ್ಲಿ ಕುರಿಯಷ್ಟು ಎತ್ತರ ನಿಂತು, ಬಿಳಿ ಕತ್ತು ಚಾಚಿ, ಕರಿ ನೆತ್ತಿ ಹೊತ್ತು ನಡೆಯುವ ಹಕ್ಕಿ. ನಮ್ಮದಕ್ಕೆ ಗಾಜಿನ ಕಣ್ಣಿಲ್ಲ. ಕಣ್ಣಿರಬೇಕಾದ ಕಡೆ ಎರಡು ಕರಿಮಣಿ. ಸುಡಲು ಬಂದವರು ಅದನ್ನು ನೋಡಿ, ಇದು ಮಕ್ಕಳ ಗೊಂಬೆ ಎಂದು ಬಿಟ್ಟು ಹೋದರಂತೆ. ಅಂದಿನಿಂದ ಅದು ಗೊಂಬೆಗಳ ಕಪಾಟಿನಲ್ಲೇ ನಿಂತಿದೆ. ನಿಮ್ಮೂರಿನ ಶಾಲೆಯ ಮಾಸ್ತರರೊಬ್ಬರು ಮಾಡಿದ ಕೈಗೊಂಬೆಗಳು, ಕಾಗದ ನೆನೆಸಿ ಅರೆದು ಮಾಡಿದ ತಲೆಗಳು, ಕೆಳಗೆ ಕೈ ತೂರಿಸಲು ಅಂಗಿ: ರಾಜ, ಮೂಗು ಮುರಿದ ಅಜ್ಜಿ, ಮೊಸಳೆ, ಮತ್ತೆ ಕೆಂಪು ಕುಲಾವಿಯ ಕೋಡಂಗಿ. ಕೋಡಂಗಿಯ ನಗು ನನಗೆ ಎಂದೂ ಹಿಡಿಸಿಲ್ಲ. ಏನೋ ಬಚ್ಚಿಟ್ಟುಕೊಂಡವರು ಹಾಗೆ ನಗುತ್ತಾರೆ.

ಇಷ್ಟು ಕಾಲವಾದರೂ ಊರವರಿಗೆ ಎರೆಭೂತದ ಅಂಜಿಕೆ ಹೋಗಿಲ್ಲ. ಅದರ ಮುಂದೆ ಯಾರೂ ಮನೆಯ ಮಾತು ಆಡುವುದಿಲ್ಲ, ಹೆಣ್ಣು ಕೊಡುವ ವಿಷಯವನ್ನಂತೂ ಎತ್ತುವುದೇ ಇಲ್ಲ. ಊರ ಹಿರಿಯ ಗೂಳಪ್ಪ ಬಾಗಿಲಲ್ಲೇ ನಿಂತು ಕೂಗುತ್ತಾನೆ: “ಏ ಹುಲಿಗೆವ್ವ, ಮೊದ್ಲ ಅದರ ಮುಖಕ್ಕ ಕೌದಿ ಹಾಕ ಬೇ. ನನ್ನ ದಿಟ್ಟಿಸಿ ನೋಡಾಕತ್ತೈತಿ.” ನಾನು ಕೌದಿ ಹೊದಿಸುತ್ತೇನೆ. ನನಗೆ ಅದರ ಮೇಲೆ ಬೇರೆಯದೇ ಅನುಮಾನವಿತ್ತು. ಇದು ನಿಜಕ್ಕೂ ಒಂದು ಕಾಲದಲ್ಲಿ ಉಸಿರಾಡಿದ್ದೋ, ಅಥವಾ ನೀವೆಲ್ಲ ಸೇರಿ ನಮ್ಮ ಕಣ್ಣಿಗೆ ಮಣ್ಣೆರಚಿದಿರೋ? ಇಷ್ಟು ದೊಡ್ಡ ಹಕ್ಕಿ, ಅದೂ ಹಾರುತ್ತಿತ್ತು ಎಂದರೆ ಯಾರು ನಂಬಬೇಕು?

ಈ ವರ್ಷ ಮರುಗೂಡಿನಿಂದ ರೇವಕ್ಕ ಬನ್ನಿಕೊಪ್ಪ ಎಂಬ ಪರೀಕ್ಷಕಿ ಬಂದಳು. ಮರುಗೂಡು ಎಂದರೆ ಸತ್ತುಹೋದ ಜೀವದ ಒಂದು ಚೂರು ಸಿಕ್ಕರೂ ಅದರಿಂದ ಮತ್ತೆ ಜೀವ ಮಾಡುವ ಜಾಗ. ದೇಶವೆಲ್ಲ ತಿರುಗಿದರೂ ಎರೆಭೂತದ ಒಂದು ಗರಿ ಅವಳಿಗೆ ಸಿಕ್ಕಿರಲಿಲ್ಲ. ನಮ್ಮದೇ ಕಡೆಯ ಆಸೆ. ಅವಳ ಹತ್ತಿರ ಜೀವಸೂಜಿ ಇತ್ತು, ಚುಚ್ಚಿದರೆ ಅದು ಯಾವ ಜೀವದ್ದು ಎಂದು ಹೇಳುವ ಸೂಜಿ. ಅವಳು ಚುಚ್ಚುತ್ತಾ ಹೋದಳು, ನನ್ನ ಎದೆ ಹೊಡೆದುಕೊಳ್ಳುತ್ತಾ ಹೋಯಿತು. ಅಷ್ಟು ವರ್ಷ ಅನುಮಾನಿಸಿದವಳು ನಾನೇ. ಆದರೆ ಆ ಹೊತ್ತಿನಲ್ಲಿ, ದೇವರೇ, ಇದು ಹಕ್ಕಿಯಾಗಿರಲಿ ಎಂದು ಬೇಡಿಕೊಂಡವಳೂ ನಾನೇ. ಕೊನೆಗೆ ಅವಳು ಸೂಜಿ ಒರೆಸಿ ಒಳಗಿಟ್ಟಳು. “ಯಕ್ಕಾ, ಕಾಲು ಕಟಿಗಿ. ರೆಕ್ಕಿ ಕೋಳೀದು. ಹೊಟ್ಟಿ ಆಡಿನ ತೊಗಲು. ಕುತಿಗಿ ನೂಲು, ನೆತ್ತಿ ಮ್ಯಾಲಿಂದು ಛತ್ರಿ ಅರಿವಿ. ಎಲ್ಲಾರೂ ಬಂದಾರ, ಎರೆಭೂತ ಒಂದ ಬಂದಿಲ್ಲ.”

ನಗುವ ಮಾತೇ. ನನಗೆ ಮಾತ್ರ ಅಳು ಬಂತು.

ಗೊಂಬೆ ಎಂದು ತೀರ್ಮಾನವಾದ ಮೇಲೆ ಊರಿನ ಪದ್ಧತಿ ನಡೆಯಲೇಬೇಕು. ಹಳತಾಗಿ ಹರಿದ ಗೊಂಬೆಯನ್ನು ನಾವು ಎಸೆಯುವುದಿಲ್ಲ, ಪೂಜೆ ಮಾಡಿ ಹಳ್ಳಕ್ಕೆ ಬಿಡುತ್ತೇವೆ. ನಿಮ್ಮಲ್ಲೂ ಗೊಂಬೆಯಾಟದವರು ಹೀಗೆ ಮಾಡುತ್ತಿದ್ದರಂತೆ. ಬಿಡುವ ಮೊದಲು ಉಳಿದ ಗೊಂಬೆಗಳನ್ನು ದಂಡೆಯ ಮೇಲೆ ಕೂರಿಸಬೇಕು, ಕೋಡಂಗಿ ಎದ್ದು ಎಲ್ಲರನ್ನೂ ನಗಿಸಬೇಕು. ಅಳುತ್ತಾ ಕಳಿಸಿದರೆ ಗೊಂಬೆ ತಿರುಗಿ ಬರುತ್ತದೆ ಎಂದು ನಂಬಿಕೆ. ಗೂಳಪ್ಪನಿಗಂತೂ ಸಡಗರವೋ ಸಡಗರ, ಆ ಮಣಿಗಣ್ಣು ನೀರಿಗೆ ಹೋದರೆ ಸಾಕಾಗಿತ್ತು. ಕೋಡಂಗಿಯನ್ನು ಆಡಿಸುವುದು ಕಾವಲುಗಾರ್ತಿಯ ಕೆಲಸ. ನನ್ನ ಮುಖದಲ್ಲಿ ನಗುವಿನ ಸುಳಿವಿಲ್ಲ, ಆದರೂ ಕೈಗೆ ಹಾಕಿಕೊಂಡೆ, ಅದರ ತಲೆ ಕುಣಿಸಿದೆ. ಕುಲಾವಿಯೊಳಗೆ ಏನೋ ಚರಚರ ಎಂದಿತು.

ಹತ್ತಿಯಾದರೆ ಸದ್ದು ಮಾಡುವುದಿಲ್ಲ. ಕುಲಾವಿಯನ್ನು ತಿರುವಿ ನೋಡಿದೆ. ಅಂಚಿಗೆ ಹಸಿರು ದಾರದ ಹೊಲಿಗೆ, ಎಡಗೈಯವರು ಹಾಕಿದ ಹಾಗೆ ತಿರುಗಾ ಕಡೆಗೆ ವಾಲಿದ್ದು. ಎರೆಭೂತವನ್ನು ಎಳೆದುಕೊಂಡು ಅದರ ನೆತ್ತಿಯ ಕೊಡೆ ಬಟ್ಟೆ ನೋಡಿದೆ. ಅದೇ ಹಸಿರು, ಅದೇ ವಾಲು. ಕಾಲಿಗೆ, ರೆಕ್ಕೆಗೆ, ಹೊಟ್ಟೆಗೆ ಹಾಕಿದ್ದೆಲ್ಲ ಬಿಳಿ ದಾರ, ಯಾರದೋ ಬೇರೆ ಕೈ. ಉಳಿದ ಯಾವ ಗೊಂಬೆಯಲ್ಲೂ ಹಸಿರು ಇಲ್ಲ. “ಮಂಗಳಾರತಿ ಹೊತ್ತಿನ್ಯಾಗ ಇದೇನ್ ಬೇ ಹುಚ್ಚಾಟ!” ಎಂದು ಗೂಳಪ್ಪ ಗದರುತ್ತಿದ್ದಂತೆಯೇ ಹಲ್ಲಿನಿಂದ ಹೊಲಿಗೆ ಕಚ್ಚಿ ಬಿಚ್ಚಿದೆ. ಒಳಗೆ ಒಣಗಿದ ಬೇವಿನೆಲೆ, ಎಲೆಯ ನಡುವೆ ಅಂಗೈಯಗಲದ ಒಂದು ಒಣ ತೊಗಲು, ಅದರ ತುಂಬ ಕಪ್ಪು ಗರಿ. ಎರೆಭೂತದ ನೆತ್ತಿ.

ಪದ್ಧತಿ ನೋಡಲು ದಂಡೆಗೆ ಬಂದಿದ್ದ ರೇವಕ್ಕ ಸೂಜಿ ಚುಚ್ಚಿದಳು, ಮತ್ತೆ ಚುಚ್ಚಿದಳು, ಅಲ್ಲೇ ಹಳ್ಳದ ಮರಳಿನಲ್ಲಿ ಕುಸಿದು ಕೂತಳು. ಎದ್ದ ಮೇಲೆ ಅವಳ ಮೊದಲ ಮಾತು ಏನು ಗೊತ್ತೇ? “ಖರೆ ಹೇಳ ಯಕ್ಕಾ, ಇದನ್ನ ನೀನ ತುರುಕಿಟ್ಟಿಯೇನ?” ನನಗೆ ಮೈಯೆಲ್ಲ ಉರಿದುಹೋಯಿತು. “ಎರೆಭೂತ ಎಲ್ಲೆರ ಸಿಕ್ಕಿದ್ರ ನಾ ಯಾಕ ಕುಲಾವ್ಯಾಗ ತುರುಕಲಿ? ಹೆಗಲ ಮ್ಯಾಲ ಹೊತ್ಕೊಂಡು ಊರ ತುಂಬ ತಿರಗತಿದ್ದೆ!” ಎಂದೆ. ಆಮೇಲೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅನುಮಾನ ಪಡುವವರು ನನಗೆ ಬೇಗ ಹತ್ತಿರವಾಗುತ್ತಾರೆ. ಅವಳು ಆ ನೆತ್ತಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದಳು. ಈಗ ಮರುಗೂಡಿನಲ್ಲಿ ಒಂದು ಮೊಟ್ಟೆ ಬೆಚ್ಚಗಿದೆ. ಒಳಗೆ ಏನೋ ಮಿಸುಕಾಡುತ್ತಿದೆಯೆಂದು ನಿನ್ನೆ ಸುದ್ದಿ ಬಂತು.

ಇನ್ನು ನನ್ನ ಅನುಮಾನದ ಮಾತು. ಕಣ್ಣುಸುಡು ನಡೆದದ್ದು ನಿಮ್ಮ ನಂತರ ಎಷ್ಟೋ ತಲೆಮಾರಿನ ಮೇಲೆ. ಹಾಗಿರುವಾಗ ಗಾಜಿನ ಕಣ್ಣು ಕಿತ್ತು ಕರಿಮಣಿ ಕೂರಿಸಬೇಕೆಂದು ನಿಮಗೆ ಯಾಕೆ ಹೊಳೆಯಿತು? ಮಣಿಯನ್ನು ಹಿಡಿದಿರುವುದೂ ಹಸಿರು ದಾರವೇ, ಬಿಡಿಸಿ ನೋಡಿದ್ದೇನೆ. ಒಳ್ಳೆಯ ನೆತ್ತಿಯನ್ನು ಬಿಡಿಸಿ, ಬೇವು ಹಾಕಿ, ಕೋಡಂಗಿಯ ಕುಲಾವಿಯಲ್ಲಿ ಯಾಕೆ ಹುದುಗಿಸಿದಿರಿ? ಯಾರ ಕಣ್ಣಿಗೆ ಬೀಳಬಾರದೆಂದು? ರೇವಕ್ಕ ಕಾಕತಾಳೀಯ ಎಂದಳು. ಒಂದಾದರೆ ಕಾಕತಾಳೀಯ, ಎರಡೂ ಕೂಡಿ ಆಗುವುದೆಂದರೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಹೇಳಿಕೊಡಬೇಕಾದರೆ ಮುಂದೆ ಆಗುವುದು ಗೊತ್ತಿರಬೇಕು, ಹಸಿರು ದಾರ ಗೊತ್ತಿರಬೇಕು, ಕೋಡಂಗಿ ಗೊತ್ತಿರಬೇಕು. ಅಂಥವಳು ಯಾರು? ನನ್ನನ್ನು ಬಿಟ್ಟರೆ ಇನ್ನೊಬ್ಬಳು ನನಗೆ ಹೊಳೆಯಲಿಲ್ಲ.

ಅದಕ್ಕೇ ಊರಿನ ಹಿನ್ನೋಲೆ ಕೇಳಿ ಪಡೆದೆ. ಗೂಳಪ್ಪ ತಕರಾರು ತೆಗೆದ. “ಆಗೂದು ಆಗಿ ಹೋಗೇತಿ, ನೆತ್ತಿ ಸಿಕ್ಕೇತಿ, ಮತ್ಯಾಕ ಬರೀತಿ ಬೇ?” ಎಂದ. ನಂಬಿಕೆ ಇರುವವರಿಗೆ ಆ ಮಾತು ಸರಿ. ನಾನು ಬರೆಯದೆ ಸುಮ್ಮನಿದ್ದು, ಒಂದು ಬೆಳಿಗ್ಗೆ ಎದ್ದು ನೋಡಿದಾಗ ಕುಲಾವಿಯಲ್ಲಿ ಹತ್ತಿ ಬಿಟ್ಟು ಏನೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ, ಅದೆಲ್ಲ ಇತ್ತು ಎನ್ನುವ ನೆನಪೂ ಯಾರಿಗೂ ಇರಲಿಲ್ಲ ಎಂದಾದರೆ? ನನಗೆ ನಿದ್ದೆ ಹತ್ತುವುದಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಎರೆಭೂತ ನಿಮ್ಮ ಕೈಗೆ ಬರುವ ಹೊತ್ತಿಗೆ ಹುಳ ತಿಂದು, ಯಾರೋ ಬಿಳಿ ದಾರದಲ್ಲಿ ತೇಪೆ ಹಾಕಿ, ಅದರಲ್ಲಿ ಹಕ್ಕಿಯದು ಎನ್ನುವುದು ನೆತ್ತಿಯಷ್ಟೇ ಉಳಿದಿರುತ್ತದೆ. ಆ ನೆತ್ತಿ ಬಿಡಿಸಿ. ಅಲ್ಲಿಗೆ ಹಳೆಯ ಕೊಡೆಯ ಬಟ್ಟೆ ಹಾಕಿ. ಗಾಜಿನ ಕಣ್ಣು ತೆಗೆದು ಕರಿಮಣಿ ಕೂರಿಸಿ. ನೆತ್ತಿಯನ್ನು ಬೇವಿನೆಲೆಯಲ್ಲಿ ಸುತ್ತಿ ಕೋಡಂಗಿಯ ಕುಲಾವಿಯೊಳಗೆ ಇಡಿ. ಕೋಡಂಗಿಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಯಾರಿಗೂ ಹೇಳಬೇಡಿ. ಮೇಲಿನವರು ಬಂದು ನೋಡಿ, ಇದ್ದ ಹಕ್ಕಿಯನ್ನು ಗೊಂಬೆ ಮಾಡಿಟ್ಟಿರಿ ಎಂದು ಬೈಯುತ್ತಾರೆ. ಬೈಸಿಕೊಳ್ಳಿ. ನಿಮ್ಮ ಕೈಕೆಲಸದ ಮೇಲೆ ಅನುಮಾನಪಟ್ಟವಳು ನಾನೂ ಹೌದು.

ಒಳಗಿಡುವ ಮೊದಲು ಆ ಗರಿಯ ಮೇಲೆ ಒಮ್ಮೆ ಕೈಯಾಡಿಸಿ. ನಿಮ್ಮ ಹೊಲಗಳಲ್ಲಿ ಅವು ಇನ್ನೂ ಒಂದೆರಡು ನಡೆದಾಡುತ್ತಿರಬಹುದು, ಬಿಡುವಿದ್ದರೆ ಹೋಗಿ ನೋಡಿ. ನಾನು ಒಂದನ್ನೂ ನೋಡಿದವಳಲ್ಲ. ನನಗೆ ವಯಸ್ಸಾಯಿತು, ಕಣ್ಣು ಮಂಜಾಗುತ್ತಿದೆ. ಆ ಮರಿ ಹೊರಬಂದು, ಬೆಳೆದು, ನಮ್ಮ ಎರೆಹೊಲದಲ್ಲಿ ಕತ್ತು ಚಾಚಿ ನಡೆಯುವುದನ್ನು ನೋಡಬೇಕೆಂದು ನನಗೆ ಎಷ್ಟು ಆಸೆ ಎಂದು ಹೇಗೆ ಹೇಳಲಿ? ಗೂಳಪ್ಪ ಅದರ ಮುಖಕ್ಕೂ ಕೌದಿ ಹಾಕು ಎನ್ನುತ್ತಾನೆ. ಅನ್ನಲಿ, ಅದು ಓಡಿಹೋಗುತ್ತದೆ.

ಹೊಲಿಗೆ ಗಟ್ಟಿಯಾಗಿ ಹಾಕಿ. ಮುಗಿದ ಮೇಲೆ ಒಮ್ಮೆ ಎಳೆದು ನೋಡಿ.

ಹುಲಿಗೆವ್ವ ಕೀಲಿಕೈ