ಸೇವೆಗೆ ಇಟ್ಟ ಪ್ಲೇಟು

ಬಾರ್ಕೂರು
೩-೧೦-೧೯೬೭

ಬೊಂಬಾಯಿಯಲ್ಲಿರುವ ಇವರಿಗೆ, ಮನೆಯಿಂದ ಹರಿಣಾಕ್ಷಿಯ ನಮಸ್ಕಾರ.

ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ? ಬ್ಯಾಂಡಿನವರಿಗೆಲ್ಲ ಹೋಟೆಲಿನಲ್ಲೇ ಊಟ ಅಂತ ಬರೆದಿದ್ದಿರಿ, ಆದರೆ ಕುಚ್ಚಲಕ್ಕಿ ಗಂಜಿ ಅವರೆಲ್ಲಿಂದ ಕೊಡಬೇಕು. ಇಲ್ಲಿ ಅತ್ತೆಯೂ ನಾನೂ ಸೌಖ್ಯ. ಸೌಖ್ಯ ಅಂತ ಬರೆಯುವುದು ರೂಢಿ, ಬರೆದೆ. ನಿಜ ಹೇಳಬೇಕಾದರೆ ನನಗೆ ತುಂಬಾ ಬೇಜಾರು. ಮಾತಿಗೆ ಅತ್ತೆ ಇದ್ದಾರೆ, ಆದರೆ ಅವರಿಗೀಗ ಕಿವಿ ಮಂದ. ನೀವು ಹೋಗಿ ಮೂರು ವರ್ಷವಾಯಿತು.

ನೀವು ಕಳಿಸಿದ ಗ್ರಾಮಫೋನ್ ಪ್ಲೇಟು ಹೋದ ಸೋಮವಾರ ಬಂತು. ಹೊದಿಕೆಯ ಮೇಲೆ ಏಳು ಜನ ಕರಿ ಕೋಟು ಹಾಕಿ ನಿಂತಿದ್ದೀರಿ, ಸ್ಯಾಕ್ಸೋಫೋನ್ ಹಿಡಿದು ನೀವು ತುದಿಯಲ್ಲಿ. ಮೊದಲಿನ ಎರಡು ಸಣ್ಣ ಪ್ಲೇಟನ್ನು ಯಾರೂ ಮೂಸಲಿಲ್ಲ, ಹನ್ನೆರಡು ಪದ್ಯದ ಈ ದೊಡ್ಡ ಪ್ಲೇಟಿನಿಂದಲೇ ಬ್ಯಾಂಡಿಗೆ ಹೆಸರು ಬಂತು, ದಿಲ್ಲಿ ಕಲ್ಕತ್ತೆಯಿಂದೆಲ್ಲ ಕರೆ, ಹಾಗಾಗಿ ಈ ವರ್ಷವೂ ಬರಲಿಕ್ಕಾಗದು ಅಂತ ಬರೆದಿರಿ. ಪ್ಲೇಟು ಆದ ಕೂಡಲೇ ಊರಿಗೆ ಬತ್ತೆ ಅಂದದ್ದು ಯಾರು? ಜಮೈಕಾ ಎಂಬ ದೇಶದ ಕುಣಿತವಂತೆ, ಸ್ಕಾ ಅಂತ ಹೆಸರಂತೆ. ಮೈಕ್ ಸೆಟ್ಟಿನ ಸೂರ ತನ್ನ ಪೆಟ್ಟಿಗೆಗೆ ಹಾಕಿದ. ಕೇಳಿದವರ ಕಾಲು ಸುಮ್ಮನಿರಲಿಲ್ಲ. ನಿಮ್ಮವರು ಗೆದ್ದರು ಅಂತ ಎಲ್ಲರೂ ನನಗೆ ಹೇಳಿ ಹೋದರು.

ಈಗ ನಾನು ಮಾಡಿದ ಪೆದ್ದು ಕೆಲಸ ಕೇಳಿ. ದೇವಸ್ಥಾನದಲ್ಲಿ ಸಂಜೆ ಪೂಜೆಗೆ ವಾಲಗ ಊದುವ ಪಾಳಿ ಈ ತಿಂಗಳು ನಮ್ಮ ಮನೆಯದ್ದು. ಊದುವವರು ಬೊಂಬಾಯಿಯಲ್ಲಿ. ನೀವೇ ಊದಿದ್ದಲ್ಲವಾ, ಸೇವೆಗೆ ಸಲ್ಲದೆ ಎಲ್ಲಿಗೆ ಹೋದೀತು ಅಂತ ಸೂರನ ತಲೆ ಮೇಲೆ ಪೆಟ್ಟಿಗೆ ಹೊರಿಸಿ ದೇವಸ್ಥಾನದ ಅಂಗಳದಲ್ಲಿ ಪ್ಲೇಟು ಹಾಕಿಸಿಬಿಟ್ಟೆ. ಮಂಗಳಾರತಿಗೆ ಜಮೈಕಾ ಕುಣಿತ. ಭಟ್ಟರ ಗಂಟೆ ತಾಳ ತಪ್ಪಿತು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮೊಕ್ತೇಸರರು ಬೈಯಲಿಲ್ಲ. "ಪ್ಲೇಟ್ ಊದ್ರೆ ಸೇವೆ ಆತ್ತಿಲ್ಲೆ ಹೆಣೆ, ಮನ್ಶ ಊದ್ಕ್" ಅಂದರು. ಮನುಷ್ಯನೇ ಊದಬೇಕಂತೆ, ದೀಪಾವಳಿಯೊಳಗೆ ನೀವು ಬಂದು ಊದದಿದ್ದರೆ ಪಾಳಿ ಕಿಟ್ಟಣ್ಣನ ಮನೆಗೆ ಹೋಗುತ್ತದಂತೆ. ನಾಲ್ಕು ತಲೆಮಾರಿನ ಸೇವೆ ನನ್ನ ಕಾಲದಲ್ಲಿ ತಪ್ಪಿತಲ್ಲ ಅಂತ ದಾರಿಯಿಡೀ ಅಳುತ್ತಾ ಬಂದೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ವಾರಕ್ಕೊಮ್ಮೆಯಾದರೂ ತಲೆಗೆ ಎಣ್ಣೆ ಹಾಕಿ ಮೀಯಿರಿ.

ನಿಮ್ಮ
ಹರಿಣಾಕ್ಷಿ

ಮರೆತು ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಟಪಾಲಿನವರು ಜಗಲಿಯಲ್ಲಿ ಕಾಯುತ್ತಿದ್ದಾರೆ. ನಿನ್ನೆ ಸೂರನ ಮನೆಗೆ ಹೋಗಿ ಪ್ಲೇಟಿನ ಎರಡೂ ಮಗ್ಗುಲು ಮೂರು ಸಲ ಕೇಳಿದೆ. ಊದಿದ್ದು ನೀವಲ್ಲ. ಯಾವ ವಾದ್ಯ ಹಿಡಿದರೂ ನಿಮ್ಮ ಮುರಿದ ಮುಂದಿನ ಹಲ್ಲಿನ ಸಂದಿಯಲ್ಲಿ ಸುಂಯ್ ಅಂತ ಗಾಳಿ ಸೋರದೆ ಒಂದು ಸಾಲು ಮುಗಿದದ್ದಿಲ್ಲ, ಐದು ವರ್ಷ ಪಕ್ಕದಲ್ಲೇ ಕೂತು ಕೇಳಿದವಳು ನಾನು. ಫೋಟೋಕ್ಕೆ ನಿಮ್ಮನ್ನು ನಿಲ್ಲಿಸಿ ಊದಲು ಬೇರೆಯವರನ್ನು ಕರೆದರಾ? ಯಾರಿಗೂ ಹೇಳಿಲ್ಲ, ಅತ್ತೆಗೂ ಇಲ್ಲ. ನಾಚಿಕೊಂಡು ಅಲ್ಲೇ ಕೂರಬೇಡಿ. ನಮ್ಮ ದೇವರಿಗೆ ಆ ಸುಂಯ್ ಸದ್ದೇ ಅಭ್ಯಾಸ, ನನಗೂ. ಬನ್ನಿ.