ಬೇಡ ಎನ್ನುವ ಕೊಂಡಿ

ಬೆಟಗೇರಿ, ಕ್ರಿ.ಶ. ೨೧೯೧, ಫೆಬ್ರವರಿ ೩೦

ನೂರಾ ಅರವತ್ತು ವರ್ಷ ಹಿಂದೆ ಕಂಪ್ಯೂಟರಿನ ಮುಂದೆ ಕುಳಿತಿರುವವರಿಗೆ,

ತಾರೀಕು ನೋಡಿ ಪತ್ರವನ್ನು ಕೆಳಗಿಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಯ ಇಪ್ಪತ್ತೊಂಬತ್ತನೆಯ, ಮೂವತ್ತನೆಯ ದಿನಗಳನ್ನು ಬೇಕಾದವರು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳುತ್ತಾರೆ. ನಾನು ಕೊಂಡಿದ್ದೇನೆ, ಕೊಳ್ಳದ ನೆರೆಯವರಿಗೆ ಇವತ್ತು ಮಾರ್ಚ್ ಎರಡು. ನನ್ನ ಕೆಲವು ಮಾತು ನಿಮಗೆ ಹೊಸದಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನಗೆ ಬರೆಯುವುದನ್ನೂ ಯಾರೂ ಕಲಿಸಲಿಲ್ಲ, ಮಾತಾಡುವುದನ್ನೂ ಯಾರೂ ಕಲಿಸಲಿಲ್ಲ. ಎರಡನೆಯದನ್ನು ನಾನೇ ಕಲಿತೆ, ಅದರಿಂದ ಬದುಕಿದೆ.

ಹೆಸರು ಮುದಕಪ್ಪ ಹೊಂಬಳ. ಕಸುಬು ಕೊಂಡಿ ಮಾರುವುದು. ನಿಮ್ಮ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಇರುತ್ತದಲ್ಲ, ಅದಕ್ಕೆ ಬೇಕಾದ ಹೆಚ್ಚಿನ ಸೌಲಭ್ಯಗಳನ್ನು ಬಿಡಿಬಿಡಿಯಾಗಿ ಕೊಂಡು ಸಿಕ್ಕಿಸಿಕೊಳ್ಳುತ್ತೀರಲ್ಲ, ಅದೇ ಬೆಳೆದು ಬೆಳೆದು ನಮ್ಮ ಕಾಲಕ್ಕೆ ಗೋಡೆಯೊಳಗೆ ಸೇರಿಕೊಂಡಿದೆ. ಅದನ್ನು ನಾವು ಮೇಜು ಎನ್ನುತ್ತೇವೆ. ಮರದ ಮೇಜು ಹೋಗಿ ನೂರು ವರ್ಷವಾಯಿತು, ಹೆಸರು ಉಳಿಯಿತು. ಅದಕ್ಕೆ ಸಿಕ್ಕಿಸುವ ತುಣುಕೇ ಕೊಂಡಿ. ತಳದ ಮೇಜು ಎಲ್ಲರಿಗೂ ಪುಕ್ಕಟೆ. ಪುಕ್ಕಟೆ ಬಂದದ್ದರಲ್ಲಿ ಬೇಕಾದದ್ದೊಂದು ಯಾವಾಗಲೂ ಕಡಿಮೆ ಇರುತ್ತದೆ, ನನ್ನ ಅನ್ನ ಅಲ್ಲಿದೆ. ಮೇಜು ಬಾಗಿಲು ತೆರೆಯುತ್ತದೆ, ಅಗುಳಿ ಹಾಕಲು ಕೊಂಡಿ ಬೇಕು. ಒಲೆ ಹಚ್ಚುತ್ತದೆ, ಆರಿಸಲು ಕೊಂಡಿ ಬೇಕು. ನಮ್ಮ ಓಣಿಯ ಒಬ್ಬರ ಮೇಜಿಗೆ ಅತಿಥಿಗಳನ್ನು ಬರಮಾಡಿಕೊಳ್ಳಲು ಬರುತ್ತದೆ, ಕಳಿಸಿಕೊಡಲು ಬರುವುದಿಲ್ಲ. ಅವರ ಅಳಿಯ ಮೂರು ತಿಂಗಳಿಂದ ಅಲ್ಲೇ ಇದ್ದಾನೆ.

ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು ‘ಬೇಡ’ ಎನ್ನುವ ಕೊಂಡಿ. ತಳದ ಮೇಜಿಗೆ ಒಪ್ಪಿಗೆಯೊಂದೇ ಗೊತ್ತು. ಯಾವ ವಿಷಯವನ್ನಾದರೂ ಮೂರು ಸಲ ಕೇಳುತ್ತದೆ. ಕೊಂಡಿ ಇಲ್ಲದೆ ಬೇಡ ಎಂದರೆ ಅದಕ್ಕೆ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಮೌನ ಎಂದು ಬರೆದುಕೊಂಡು, ಮೌನವನ್ನು ಸಮ್ಮತಿ ಎಂದು ದಾಖಲಿಸುತ್ತದೆ. ಮನುಷ್ಯನ ಬಾಯಿಂದ ಬಂದದ್ದಕ್ಕೆ ಕಚೇರಿಯಲ್ಲಿ ಬೆಲೆ ಇಲ್ಲ, ಮೇಜು ಬರೆದದ್ದಕ್ಕೆ ಇದೆ. ಮೇಜು ಕಟ್ಟಿದವರು ಮೊದಲಿಗೆ ಯಾವ ದುರುದ್ದೇಶವನ್ನೂ ಇಟ್ಟುಕೊಂಡಿರಲಿಲ್ಲವಂತೆ. ಹತ್ತರಲ್ಲಿ ಒಂಬತ್ತು ಸಲ ಜನ ಹೂಂ ಎನ್ನುತ್ತಾರೆ, ಉಳಿದ ಒಂದಕ್ಕೆ ತಳದಲ್ಲಿ ಜಾಗವೇಕೆ, ಬೇಕಾದವರು ಕೊಳ್ಳಲಿ ಎಂದುಕೊಂಡರು, ಅಷ್ಟೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ತಳದ ಮೇಜು ಆಗಾಗ ಹೊಸ ಆವೃತ್ತಿಗೆ ಹೊರಳುತ್ತದೆ, ಹೊರಳಿದ ಗಳಿಗೆಯಿಂದ ಹಳೆಯ ಕೊಂಡಿಗಳು ಸತ್ತ ಹಾಗೆ. ಸುದ್ದಿ ನಮಗೆ ಹದಿನೈದು ದಿನ ಮುಂಚೆ ಬರುತ್ತದೆ. ಆ ಹದಿನೈದು ದಿನ ಹಳೆಯ ಸರಕನ್ನು ಪರಿಚಯದವರಿಗೇ ಮಾರಬೇಕು. ಅಪರಿಚಿತರು ದೂರು ಕೊಡುತ್ತಾರೆ, ಪರಿಚಯದವರು ಜಗಳಕ್ಕೆ ಬರುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ಒಮ್ಮೆಯೂ ಸುಳ್ಳಾಗಿಲ್ಲ.

ಹೋದ ವರ್ಷ ಹನ್ನೊಂದನೆಯ ಆವೃತ್ತಿ ಬರುವ ಸುದ್ದಿ ಬಂದಾಗ ನನ್ನ ಚೀಲದಲ್ಲಿ ನಲವತ್ತಾರು ಹಳೆಯ ಕೊಂಡಿ ಇದ್ದವು. ನಲವತ್ತೈದು ಖರ್ಚಾದವು. ನಲವತ್ತಾರನೆಯದನ್ನು ಹಿಡಿದು ಶಾವಂತ್ರೆವ್ವನ ಶೆಡ್ಡಿಗೆ ಹೋದೆ. ಕೊಂಡಿಗೆ ಕೈಹಾಕುವ ಮೊದಲು ಹತ್ತು ವರ್ಷ ನಾನು ಅವಳ ಪಕ್ಕದ ಮಗ್ಗದಲ್ಲಿ ಸೀರೆ ನೇಯ್ದವನು. ಆಮೇಲೆ ಆ ಶೆಡ್ಡು ನೇಕಾರ ಹೆಂಗಸರ ಸಂಘದ್ದಾಯಿತು. ಹನ್ನೊಂದು ಮಗ್ಗ, ಹನ್ನೊಂದು ಸಂಸಾರ, ಅವಳೇ ಅಧ್ಯಕ್ಷೆ. ಶೆಡ್ಡನ್ನು ಗೋದಾಮಿಗೆ ಬಿಟ್ಟುಕೊಡಿ ಎಂದು ನಗರಸಭೆಯ ಕೇಳಿಕೆ ಬಂದಿತ್ತು. ಮುಂದಿನ ಸೋಮವಾರ ಅವಳು ಕಚೇರಿಗೆ ಹೋಗಿ ಬೇಡ ಎಂದರೆ ಕೇಳಿಕೆ ಬಿದ್ದುಹೋಗುತ್ತಿತ್ತು. ಕಚೇರಿಯ ಗೋಡೆಯಿಂದ ಮಾತಾಡುವುದು ಆಯಾ ಸಂಘದ ಮೇಜೇ, ಈ ಸಂಘದ ಮೇಜಿಗೆ ಬೇಡ ಎನ್ನುವ ಕೊಂಡಿ ಇರಲಿಲ್ಲ. ಆವೃತ್ತಿ ಹೊರಳುವುದು ಭಾನುವಾರ ಎಂದು ನನಗೆ ಗೊತ್ತಿತ್ತು.

ಕೊಂಡಿಯನ್ನು ಬೆರಳಲ್ಲಿ ತಿರುವಿ ನೋಡಿ ಅವಳು ಕೇಳಿದಳು, “ಇದು ಖರೇನ ಕೇಳತೈತಲ್ಲೋ ಮುದಕಪ್ಪ?”

“ನನ್ನ ಮ್ಯಾಲ ಭರೋಸಾ ಇಲ್ಲೇನಬೇ ಯಕ್ಕಾ?”

“ನಿನ್ನ ಮ್ಯಾಲ ಐತಿ. ನಿನ್ನ ಚೀಲದ ಮ್ಯಾಲ ಇಲ್ಲ.”

ಹನ್ನೊಂದೂ ಮಗ್ಗದವರು ನಕ್ಕರು. ನಾನೂ ನಕ್ಕೆ. ಕೊಂಡಿಯನ್ನು ಸಿಕ್ಕಿಸಿ ತೋರಿಸಿದೆ. ಅವತ್ತು ಚೆನ್ನಾಗಿಯೇ ಕೇಳಿಸಿಕೊಂಡಿತು.

ಮಾರಿದ ಕೊಂಡಿ ಕಚೇರಿಯಲ್ಲಿ ಮೊದಲ ಸಲ ಬಳಕೆಯಾಗುವಾಗ ಮಾರಿದವನು ಹಾಜರಿರಬೇಕು ಎಂಬ ನಿಯಮವಿದೆ. ಸೋಮವಾರ ನಾನೂ ಹೋದೆ. ಮೇಜು ಕೇಳಿತು, ಶಾವಂತ್ರೆವ್ವ ಬ್ಯಾಡ ಎಂದಳು. ಮತ್ತೆ ಕೇಳಿತು, ಮತ್ತೆ ಎಂದಳು. ಮೂರನೆಯ ಸಲ ಎದ್ದು ನಿಂತು ಗೋಡೆಗೆ ಮುಖ ಕೊಟ್ಟು ಎಂದಳು. ಮೌನ, ಒಪ್ಪಿಗೆ ದಾಖಲಾಗಿದೆ, ಧನ್ಯವಾದ ಎಂದಿತು ಮೇಜು.

ಗುಮಾಸ್ತ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೂ ಕಿವಿ ಇತ್ತು. ಕೊಂಡಿ ಕೆಟ್ಟಿದೆ ಎಂದು ಮಾರಿದವನು ಹೇಳಿದರೆ ದಾಖಲೆ ಅಲ್ಲಿಗೇ ನಿಲ್ಲುತ್ತದೆ, ಎಂಟು ದಿನ ಬಿಟ್ಟು ಮತ್ತೆ ಕೇಳುತ್ತಾರೆ. ಹಾಗೆ ಹೇಳಿದ ಮಾರಾಟಗಾರನ ಪರವಾನಗಿ ಹೋಗುತ್ತದೆ.

“ಕೊಂಡಿ ನಿಮ್ದೇನ್ರೀ? ಸರಿ ಐತೇನು?”

“ಕೊಂಡಿ ಸರಿ ಐತ್ರಿ,” ಎಂದೆ. “ಅಕ್ಕಾರ ದನಿ ಸಣ್ಣದಾತು.”

ಮಗ್ಗದ ಸದ್ದಿನ ಮೇಲೆ ಮೂವತ್ತು ವರ್ಷ ಮಾತಾಡಿದ ಹೆಂಗಸು ಅವಳು. ಆಕೆ ಕರೆದರೆ ಎರಡು ಓಣಿ ಆಚೆಯವರು ಓಗೊಡುತ್ತಿದ್ದರು. ಗುಮಾಸ್ತ ಬರೆದುಕೊಂಡ. ಶಾವಂತ್ರೆವ್ವ ನನ್ನನ್ನು ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಹದಿನೆಂಟು ದಿನದಲ್ಲಿ ಶೆಡ್ಡು ಖಾಲಿಯಾಯಿತು. ಮಗ್ಗಗಳನ್ನು ಬಿಚ್ಚಿ ಸೌದೆಯ ಹಾಗೆ ಕಟ್ಟಿದರು. ನಾಲ್ವರು ಹೆಂಗಸರು ಊರು ಬಿಟ್ಟರು, ಉಳಿದವರು ಅದೇ ಗೋದಾಮಿನಲ್ಲಿ ಮೂಟೆ ಹೊಲಿಯುತ್ತಾರೆ. ಒಬ್ಬರೂ ನನ್ನ ಬಾಗಿಲಿಗೆ ಜಗಳಕ್ಕೆ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಅವಳು ನನ್ನ ಅಂಗಡಿಗೆ ಬಂದಳು. ಮನೆಯ ಮೇಜಿಗೆ ಹನ್ನೊಂದನೆಯ ಆವೃತ್ತಿಯ ಕೊಂಡಿ ಬೇಕು ಎಂದಳು. ಹಾಗೇ ತಗೋ ಎಂದರೆ ಕೇಳಲಿಲ್ಲ, ಪೂರ್ತಿ ಬೆಲೆ ಇಟ್ಟಳು. ಅವಳ ಮನೆಗೆ ಹೋಗಿ ಸಿಕ್ಕಿಸಿದೆ. ಸಿಕ್ಕಿಸಿದ ಮೇಲೆ ಏನಾದರೊಂದು ಪ್ರಶ್ನೆ ಹಾಕಿ ಪರೀಕ್ಷೆ ಮಾಡಬೇಕು. ಚಹಾ ಬೇಕೇ ಎಂದು ಹಾಕುವುದು ರೂಢಿ. ನಾನು ವ್ಯಾಪಾರಸ್ಥ. ಅವಳು ಮುನಿಸಿನಲ್ಲಿ ಬಾಯಿ ತೆರೆಯುವುದಿಲ್ಲ, ಮೂರು ಸಲ ಕೇಳಿ ಮೇಜು ತಾನೇ ಒಪ್ಪಿಗೆ ಬರೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿ, ಮುದಕಪ್ಪನನ್ನು ಕ್ಷಮಿಸಲು ಒಪ್ಪಿಗೆಯೇ ಎಂದು ಹಾಕಿದೆ.

ಮೊದಲ ಸಲ ಕೇಳಿದಾಗಲೇ ಅವಳು ಬ್ಯಾಡ ಎಂದಳು. ಪಕ್ಕದಲ್ಲಿ ನಿಂತ ನನಗೇ ಸರಿಯಾಗಿ ಕೇಳಿಸದಷ್ಟು ಸಣ್ಣ ದನಿಯಲ್ಲಿ. ಮೇಜಿಗೆ ಕೇಳಿಸಿತು, ಬರೆದುಕೊಂಡಿತು.

ನಾನು ಕಸುಬು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹನ್ನೆರಡನೆಯ ಆವೃತ್ತಿಯ ಸುದ್ದಿ ನಿನ್ನೆ ಬಂತು, ಚೀಲದಲ್ಲಿ ಮೂವತ್ತೊಂದು ಉಳಿದಿವೆ. ನೀವೀಗ ತಂತ್ರಾಂಶ ಕಟ್ಟುತ್ತ, ಯಾವುದು ತಳದಲ್ಲಿರಲಿ, ಯಾವುದು ಬಿಡಿಯಾಗಿ ಹೋಗಲಿ ಎಂದು ಪಟ್ಟಿ ಮಾಡುತ್ತಿದ್ದೀರಿ. ಬೇಡ ಎನ್ನುವುದನ್ನು ತಳದಲ್ಲೇ ಇಡಿ. ನಮ್ಮಂಥವರ ಕೈಗೆ ಅದನ್ನು ಕೊಡಬೇಡಿ. ಕೊಟ್ಟರೆ ಒಂದು ದಿನ ಅದನ್ನು ಮಾರಲು ನಿಮ್ಮ ಬಾಗಿಲಿಗೆ ಬರುವವನು ನಿಮಗೆ ಚೆನ್ನಾಗಿ ಗೊತ್ತಿರುವವನೇ ಆಗಿರುತ್ತಾನೆ.

ಇಂತಿ,
ಮುದಕಪ್ಪ ಹೊಂಬಳ